ಕೊನೆಯ ಏಳು ಮಾತ್ರೆ

ರಾತ್ರಿ ಹನ್ನೊಂದು. ಥಂಡರ್ ಬೇಯ ಈ ಅಡುಗೆಮನೆಯಲ್ಲಿ
ಫ್ರಿಜ್ಜೊಂದೇ ಗಟ್ಟಿಯಾಗಿ ಮಾತಾಡುತ್ತಿದೆ.
ಮೇಜಿನ ಮೇಲೆ ಔಷಧಿ ಅಂಗಡಿಯ ಕಾಗದದ ಚೀಲ,
ಬಾಯಿಗೆ ಹೊಡೆದ ಪಿನ್ನು ಹೊಡೆದಂತೆಯೇ ಇದೆ.
ಐಲಾ ಅದನ್ನು ನನ್ನ ಕಡೆ ತಳ್ಳುತ್ತಾಳೆ,
ನಾನು ಉಪ್ಪಿನ ಡಬ್ಬಿಯ ಕಡೆ.

ಹದಿನಾಲ್ಕು ಅವಳಿಗೆ, ಅನ್ನುತ್ತೇನೆ.
ಗೊತ್ತು, ಹೆತ್ತವಳು ನಾನು, ಅನ್ನುತ್ತಾಳೆ.

ಕಳೆದ ತಿಂಗಳು ಕರ್ಲಿಂಗ್ ಆಟದ ಮಂಜುಗಡ್ಡೆಯ ಮೇಲೆ
ಕಲ್ಲು ಜಾರಿಬಿಟ್ಟವಳು ಏಳಲಿಲ್ಲ.
ಹೊಟ್ಟೆ ಹಿಡಿದು ಮುದುರಿ ಬಿದ್ದಿದ್ದಳು,
ಕಲ್ಲು ತನ್ನ ಪಾಡಿಗೆ ಸಾಗಿ ವೃತ್ತದ ನಟ್ಟನಡುವೆ ನಿಂತಿತು.
ಆ ತುದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಈ ತುದಿ ಕಾಣದೆ.
ಕಾರಿನ ಹಿಂದಿನ ಸೀಟಿಗೆ ನನ್ನ ಕೋಟು ಹಾಸಿದೆ.
"ಕಲೆಯಾಗುತ್ತೆ ಅಪ್ಪ."
ಆಗಲಿ ಅಂದೆ. ಆಸ್ಪತ್ರೆಯ ತನಕ, ಎಂಟು ಸಿಗ್ನಲ್,
ನಾವು ಆಡಿದ ಮಾತು ಅಷ್ಟೇ.

ಡಾಕ್ಟರು ಚಿಕ್ಕ ಹುಡುಗಿ. ಹವಾಮಾನ ಹೇಳುವಂತೆ ಹೇಳಿದಳು:
ಈ ನೋವಿಗೆ, ಈ ಸ್ರಾವಕ್ಕೆ, ಇದೇ ಒಳ್ಳೆಯದು.
ಹೆಸರು ಕೇಳಿ ನನ್ನ ಕಿವಿ ಬಿಸಿಯಾಯಿತು.
ಮಾತ್ರೆ ಅಂದರೆ, ಆ ಮಾತ್ರೆಯೇ?
ಹೌದು, ಅದೇ.
ಸೈಮಾ ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡುತ್ತಿದ್ದಳು,
ನಾಳೆಯೇ ಪರೀಕ್ಷೆ ಎಂಬಂತೆ.

ನೋವಿಗೇ ಇರಲಿ, ಬಾಗಿಲು ತೆರೆದಿಟ್ಟ ಹಾಗಲ್ಲವೇ?
ಯಾವ ಬಾಗಿಲು ರೇಯೊ? ಹೆಸರಿಟ್ಟು ಹೇಳು.
ಹೇಳಲಾರೆ.
ನಾಲಿಗೆಯ ತುದಿಗೇ ಬಂದದ್ದು ನನ್ನಕ್ಕನ ಹೆಸರು.

ಇರ್ಯಾ. ಅವಳಿಗೆ ಹದಿನಾರು, ನನಗೆ ಒಂಬತ್ತು.
ಒಂದು ಚಳಿಗಾಲ ಸಡ್ಬರಿಯ ಚಿಕ್ಕಮ್ಮನ ಮನೆಗೆ ಕಳಿಸಿದರು,
ಕೆಮ್ಮಿಗೆ ಅಲ್ಲಿಯ ಗಾಳಿ ಒಳ್ಳೆಯದಂತೆ.
ಗಣಿಯೂರಿನ ಗಾಳಿ!
ನಂಬಿದೆ. ನನ್ನ ಬೂಟಿನ ಲೇಸು ಕಟ್ಟಲು
ಬೇರೆ ಯಾರೂ ಇರಲಿಲ್ಲ ಅಂತ ಮಾತ್ರ ಅತ್ತೆ.
ಬೇಸಿಗೆಗೆ ವಾಪಸು ಬಂದಳು. ವಾಸಿಯಾಯಿತು ಅಂದರು.
ಅಮ್ಮನ ಜೊತೆ ಸೌನಾದಲ್ಲಿ ಕೂರುವುದನ್ನು ಬಿಟ್ಟಳು.
ಈಗ ಅವಳಿಗೆ ಐವತ್ತೆಂಟು. ಪ್ರತಿ ವರ್ಷ ಮೇ ಒಂಬತ್ತರಂದು
ಫೋನ್ ಎತ್ತುವುದಿಲ್ಲ.
ಯಾಕೆಂದು ಕೇಳಿದವರಿಲ್ಲ. ನಾನೂ.

ಐಲಾ ಪಿನ್ನು ಕಿತ್ತಳು. ಬೆಳ್ಳಿ ಹಾಳೆಯ ಮೇಲೆ
ಇಪ್ಪತ್ತೆಂಟು ಗುಳ್ಳೆ, ವಾರಗಳ ಹೆಸರು, ಪುಟ್ಟ ಬಾಣ.
ಕೊನೆಯ ಏಳರಲ್ಲಿ ಔಷಧಿಯಿಲ್ಲ, ಬರೀ ಸಕ್ಕರೆಯಂತೆ.
ಮತ್ಯಾಕೆ ಅವು?
ಎಣಿಸುವ ರೂಢಿ ತಪ್ಪದಿರಲಿ ಅಂತ.
ನನ್ನ ಕಾವಲೂ ಇಷ್ಟೇ ಏನೋ:
ಒಂದು ದಿನವೂ ತಪ್ಪದ, ಒಳಗೇನೂ ಇಲ್ಲದ
ಏಳು ಬಿಳಿ ಗುಂಡು.

ಮೆಟ್ಟಿಲು ಕಿರ್ರೆಂದಿತು.
ಮೊಣಕಾಲ ತನಕ ಉಣ್ಣೆಯ ಕಾಲುಚೀಲ, ನನ್ನದೇ.
ಹಾಲು ಬಗ್ಗಿಸಿಕೊಂಡು ನಿಂತೇ ಕುಡಿದಳು.
"ನಿಮ್ಮ ಪಿಸುಮಾತು ಮೇಲೆಲ್ಲ ಕೇಳುತ್ತೆ.
ಡಾಕ್ಟರು ಕೊಟ್ಟ ಹಾಳೆ ನಾನು ಎರಡು ಸಲ ಓದಿದೀನಿ.
ವಾಕರಿಕೆ ಬರಬಹುದು, ತಲೆನೋವು ಬರಬಹುದು.
ನೀವು ಓದಿದ್ರಾ?"
ಇಬ್ಬರೂ ಮೇಜು ನೋಡಿದೆವು.
"ಬೇಕೋ ಬೇಡವೋ ನಾಳೆ ಹೇಳ್ತೀನಿ. ಶನಿವಾರ ಪಂದ್ಯ ಇದೆ."
ಲೋಟ ತೊಳೆಯದೆ ಹೋದಳು.
ಐಲಾ ನಕ್ಕಳೋ ಅತ್ತಳೋ, ನನಗೆ ಬೆನ್ನು ಮಾತ್ರ ಕಂಡಿತು.

ನಾಲ್ಕಕ್ಕೆ ಹಿಮ ತಳ್ಳುವ ಲಾರಿ ಹತ್ತಿದೆ.
ದಾರಿ ಬಿಡಿಸುವುದಷ್ಟೇ ನನ್ನ ಕೆಲಸ,
ಯಾರು ಎಲ್ಲಿಗೆ ಹೋಗುತ್ತಾರೆಂದು ಕೇಳುವುದಲ್ಲ.
ಹಾಗಂದುಕೊಂಡೆ. ಎರಡು ಬೀದಿ ದಾಟುವ ತನಕ ನಂಬಿದೆ ಕೂಡ.

ಏಳಕ್ಕೆ, ಬಂದರಿನ ಧಾನ್ಯದ ಗೋಪುರಗಳ ಕೆಳಗೆ ನಿಲ್ಲಿಸಿ
ಇರ್ಯಾಗೆ ಫೋನ್ ಮಾಡಿದೆ. ಫೆಬ್ರವರಿ. ಎತ್ತಿದಳು.
"ಯಾರಿಗೇನಾಯ್ತು?"
ಯಾರಿಗೂ ಏನಿಲ್ಲ. ಅಕ್ಕ, ಆವತ್ತು ನಿನ್ನ ಕೆಮ್ಮು...
ಗಾಜು ಒರೆಸುವ ಕಡ್ಡಿ ಹತ್ತು ಸಲ ಅತ್ತಿತ್ತ ಹೋಯಿತು.
"ಗಾಡಿ ನಿಲ್ಲಿಸಿದೀಯ ತಾನೇ?" ಅಂದಳು.
"ತಾಳು, ಕಾಫಿ ಒಲೆಯ ಮೇಲಿದೆ. ಇಳಿಸಿ ಬರ್ತೀನಿ."